ಮಧ್ಯಯುಗದ ಮಠಗಳಲ್ಲಿ ಪಾನದ ಅಳತೆ



ಶತಮಾನೋತ್ಸವದ ಈ ಶುಭ ವೇಳೆಯಲ್ಲಿ ಮದ್ಯದ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಕುಡಿತದಿಂದ ಒಡೆದ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಆದರೂ ಮದುವೆಯ ಮನೆಗಳಲ್ಲಿ, "ಸನ್ಯಾಸಿಗಳೇ ಬಿಯರ್ ತಯಾರಿಸುತ್ತಿದ್ದರಲ್ಲ, ನಮಗೇನು ಅಡ್ಡಿ?" ಎಂಬ ವಾದ ಕೇಳಿಬರುತ್ತಲೇ ಇರುತ್ತದೆ. ತಯಾರಿಸುತ್ತಿದ್ದುದು ನಿಜ. ಎಷ್ಟು, ಯಾರಿಗಾಗಿ ಎಂಬುದನ್ನೂ ಅರಿಯೋಣ.

6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇಟಲಿಯಲ್ಲಿ ರಚಿಸಿದ ನಿಯಮಾವಳಿಯ 40ನೆಯ ಅಧ್ಯಾಯವು ಪಾನದ ಅಳತೆಗೇ ಮೀಸಲಾಗಿದೆ. ದ್ರಾಕ್ಷಾರಸವು ಸನ್ಯಾಸಿಗಳಿಗೆ ತಕ್ಕುದಲ್ಲವೆಂಬುದನ್ನು ಅವರು ಬಲ್ಲರು. ತಮ್ಮ ಕಾಲದವರನ್ನು ಒಪ್ಪಿಸುವುದು ಅಸಾಧ್ಯವೆಂಬುದನ್ನೂ ಬಲ್ಲರು. ಆದ್ದರಿಂದ ಸಂಕೋಚದಿಂದಲೇ, ದಿನಕ್ಕೆ ಒಬ್ಬೊಬ್ಬರಿಗೆ ಒಂದು 'ಹೆಮಿನಾ' ಸಾಕೆಂದರು. ರೋಮನರ ಅಳತೆಯಲ್ಲಿ ಅದು ಸುಮಾರು ಕಾಲು ಲೀಟರ್.

ದ್ರಾಕ್ಷಿ ಚೆನ್ನಾಗಿ ಬೆಳೆಯದ ಉತ್ತರದ ಸೀಮೆಗಳಲ್ಲಿ ಬಿಯರ್ ಆ ಸ್ಥಾನವನ್ನು ಪಡೆಯಿತು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು ಬಿಸಿನೀರಿನಲ್ಲಿ ಕಲಸಿದರೆ ಸಿಹಿಯಾದ ರಸ ಇಳಿಯುತ್ತದೆ. ತಣಿದ ರಸಕ್ಕೆ ಹಿಂದಿನ ಸಲದ ನೊರೆಯನ್ನು ಬೆರೆಸುವುದು, ನಮ್ಮ ತಾಯಂದಿರು ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವಂತೆಯೇ! ಆ ನೊರೆಯಲ್ಲಿ ಜೀವಾಣುಗಳಿವೆಯೆಂಬುದು 19ನೆಯ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ಸಂತ ಹಿಲ್ಡೆಗಾರ್ಡ್ (1098–1179) ಹಾಪ್ಸ್ ಎಂಬ ಬಳ್ಳಿಯ ಕಹಿಯು ಪಾನೀಯವನ್ನು ಕೆಡದಂತೆ ಕಾಯುವುದೆಂದು ಬರೆದರು. ಅದು ಮನಸ್ಸಿಗೆ ವಿಷಾದ ತರುವುದೆಂದೂ ಅಲ್ಲಿಯೇ ಎಚ್ಚರಿಸಿದರು. ಧರ್ಮಸಭೆಯು 2012ರಲ್ಲಿ 'ಧರ್ಮಸಭೆಯ ಪಂಡಿತೆ' ಎಂದು ಗೌರವಿಸಿದ್ದು ಈ ತಾಯಿಯನ್ನೇ.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ತಟ್ಟುವುದು ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿರುವ ಒಂದು ನಕ್ಷೆ. 9ನೆಯ ಶತಮಾನದ ಪೂರ್ವಾರ್ಧದಲ್ಲಿ ಐದು ಚರ್ಮದ ಹಾಳೆಗಳನ್ನು ಹೊಲಿದು ಬರೆದ ಆದರ್ಶ ಮಠದ ಚಿತ್ರವದು. ಹಾಗೆಯೇ ಕಟ್ಟಲ್ಪಡದಿದ್ದರೂ, ಅಂದಿನವರ ಆಶಯ ಅದರಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಬಿಯರ್ ತಯಾರಿಸುವ ಮನೆಗಳು ಮೂರು: ಸನ್ಯಾಸಿಗಳಿಗೆ ಒಂದು, ಗಣ್ಯ ಅತಿಥಿಗಳಿಗೆ ಒಂದು, ಯಾತ್ರಿಕರಿಗೂ ಬಡವರಿಗೂ ಒಂದು. ಮೂರರ ಪಕ್ಕದಲ್ಲೂ ರೊಟ್ಟಿ ಸುಡುವ ಮನೆಯಿದೆ. ಧಾನ್ಯವು ರೊಟ್ಟಿಯಾಗಿಯೂ ಪಾನವಾಗಿಯೂ ಒಂದೇ ಸೂರಿನಡಿ ಹೊರಡುತ್ತಿತ್ತು. ಮಕ್ಕಳ ಅನ್ನವನ್ನು ಮಾರಿ ಕೊಂಡ ಬಾಟಲಿಗೆ ಆ ನಕ್ಷೆಯಲ್ಲಿ ಸ್ಥಳವಿಲ್ಲ.

ಇನ್ನೊಂದು ಮಾತನ್ನು ಆ ವಾದಿಗಳು ಓದಿದಂತಿಲ್ಲ. ಗೊತ್ತುಪಡಿಸಿದ ಅಳತೆಯೂ ದೊರೆಯದ, ಅಥವಾ ಏನೂ ದೊರೆಯದ ಊರಿನ ಸನ್ಯಾಸಿಗಳು ಗೊಣಗದೆ ದೇವರನ್ನು ಸ್ತುತಿಸಲಿ ಎಂದೇ ಸಂತ ಬೆನೆಡಿಕ್ಟರು ಆ ಅಧ್ಯಾಯವನ್ನು ಮುಗಿಸಿದ್ದಾರೆ.