ಹೊಸ ಲಾಡ್ಜ್‌ನ ಮೊದಲ ಸಂಪ್ರದಾಯ



ಫ್ರೀಮೇಸನರಿ ಎಂಬ ಭ್ರಾತೃಸಂಘದ ಹೆಸರೆತ್ತಿದೊಡನೆ ಜನ ಅದರ ಗುಟ್ಟುಗಳ ಬಗ್ಗೆ ಕೇಳುತ್ತಾರೆ. ಇಂದು ನಾನು ಆ ಕಡೆ ಹೋಗುವುದಿಲ್ಲ. ಹೊಸದಾಗಿ ಹುಟ್ಟಿದ ಒಂದು ಲಾಡ್ಜ್‌ಗೆ, ಅಂದರೆ ಆ ಸಂಘದ ಸ್ಥಳೀಯ ಘಟಕಕ್ಕೆ, ಸಂಪ್ರದಾಯ ಎಲ್ಲಿಂದ ಬರುತ್ತದೆ ಎಂಬುದು ನನ್ನ ವಿಷಯ. ಯಾವುದೇ ಸಂಘ, ಗ್ರಂಥಾಲಯ, ನಾಟಕ ಮಂಡಳಿ ಕಟ್ಟಹೊರಟವರಿಗೂ ಇದು ಸಲ್ಲುವ ಪ್ರಶ್ನೆ.

1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ತಮ್ಮ ಮೇಲಿನ ಸಂಸ್ಥೆಯಾಗಿ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವು ಎಂಬುದು ಈ ಬಳಗದ ನಂಬಿಕೆ. 1723ರಲ್ಲಿ ಜೇಮ್ಸ್ ಆ್ಯಂಡರ್ಸನ್ ಸಿದ್ಧಪಡಿಸಿದ ನಿಯಮಗ್ರಂಥ ಅಚ್ಚಾಯಿತು. ಹೊಸ ಲಾಡ್ಜ್ ತನ್ನಷ್ಟಕ್ಕೆ ತಾನೇ ಕೆಲಸ ಆರಂಭಿಸುವಂತಿಲ್ಲ. ಗ್ರ್ಯಾಂಡ್ ಲಾಡ್ಜ್‌ನಿಂದ ವಾರಂಟ್ ಎಂಬ ಅನುಮತಿ ಪತ್ರ ಬರಬೇಕು. ಪ್ರತಿಷ್ಠಾಪನೆಯ ದಿನ ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಅರ್ಪಿಸುತ್ತಾರೆ. ಲಾಡ್ಜ್‌ನ ಮುಖ್ಯಸ್ಥನಾದ ಮೊದಲ ಮಾಸ್ಟರ್ ಮತ್ತು ಅವನಿಗೆ ನೆರವಾಗುವ ಇಬ್ಬರು ವಾರ್ಡನ್‌ಗಳು ಪೀಠ ಏರುತ್ತಾರೆ. ಬಾಗಿಲ ಹೊರಗೆ ಟೈಲರ್ ಎಂಬ ಕಾವಲುಗಾರ ಕತ್ತಿ ಹಿಡಿದು ನಿಲ್ಲುತ್ತಾನೆ.

ಇದೆಲ್ಲ ಹಿರಿಯರಿಂದ ಬಂದ ಆಸ್ತಿ. ಸಂಸ್ಥಾಪಕರ ಕೈಯಲ್ಲಿ ಉಳಿಯುವುದು ಬೇರೆಯದೇ: ಕಾಯಿಲೆ ಬಿದ್ದ ಸದಸ್ಯನ ಮನೆಗೆ ಯಾರು ಹೋಗುತ್ತಾರೆ, ತೀರಿಕೊಂಡವನ ಮಕ್ಕಳ ಓದನ್ನು ಯಾರು ವಿಚಾರಿಸುತ್ತಾರೆ, ಹೊಸಬನಿಗೆ ವಿಧಿಯ ಮಾತುಗಳನ್ನು ಬಾಯಿಪಾಠ ಮಾಡಿಸುವವರು ಯಾರು, ಊಟದ ಪಂಕ್ತಿಯಲ್ಲಿ ಗೈರುಹಾಜರಾದವರನ್ನು ನೆನೆಯುವುದು ಹೇಗೆ. ಮೊದಲ ಕೆಲವು ವರ್ಷ ಇವು ಹೇಗೆ ನಡೆಯುತ್ತವೋ ಮುಂದಿನವರು ಹಾಗೇ ನಡೆಸುತ್ತಾರೆ. ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಒಂದಿದೆ: ಬಾಗಿಲು ಯಾರಿಗೆ ತೆರೆಯುತ್ತದೆ?

ಇದಕ್ಕೆ ಮುಂಬಯಿಯ ನಿದರ್ಶನ ನಮ್ಮೆದುರಿಗಿದೆ. ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರಸಿ ಗೃಹಸ್ಥರು ಅಲ್ಲಿ ಸದಸ್ಯತ್ವ ಕೇಳಿದರು, ಸಿಗಲಿಲ್ಲ. ಕೊನೆಗೆ ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಬರ್ನ್ಸ್, ಭಾರತೀಯರಿಗೆ ಪ್ರವೇಶ ಕೊಡಲೆಂದೇ 1843ರಲ್ಲಿ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಲಾಡ್ಜನ್ನು ಕಟ್ಟಿದರು. ವಿಧಿವಿಧಾನ ಸ್ಕಾಟ್ಲೆಂಡಿನದೇ, ಆದರೆ ಒಳಗೆ ಕೂತವರು ಹೊಸಬರು. ಹಿಂದೂಗಳ ವಿಚಾರದಲ್ಲಿ ತಕರಾರು ಮುಂದುವರಿಯಿತು. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತರು ವರ್ಷಗಟ್ಟಲೆ ಕಾದು 1872ರಲ್ಲಿ ಪ್ರವೇಶ ಪಡೆದರು. 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು; ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಇಲ್ಲಿನ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್ ಮೊದಲಾದವು ಅಕ್ಕಪಕ್ಕದಲ್ಲಿರುತ್ತವೆ. ಪ್ರತಿಯೊಬ್ಬನೂ ತನ್ನ ಧರ್ಮಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತಾನೆ. ಭಾರತದ ಲಾಡ್ಜ್‌ಗಳ ಅತ್ಯಂತ ಗೌರವಾರ್ಹ ಸಂಪ್ರದಾಯ ಇದೆಂದು ನನ್ನ ಅಭಿಪ್ರಾಯ. ಅದು ಲಂಡನ್ನಿನಿಂದ ಬಂದ ಪ್ರತಿಯಲ್ಲ; ಮುಚ್ಚಿದ ಬಾಗಿಲನ್ನು ತಟ್ಟಿದವರು ಗಳಿಸಿಕೊಟ್ಟದ್ದು.

ಆ ಬಾಗಿಲು ಪೂರ್ತಿ ತೆರೆದಿದೆ ಎನ್ನಲಾರೆ. ಇಂಗ್ಲೆಂಡಿನ ಪದ್ಧತಿಯ ಲಾಡ್ಜ್‌ಗಳಲ್ಲಿ ಹೆಂಗಸರಿಗೆ ಇಂದಿಗೂ ಸದಸ್ಯತ್ವವಿಲ್ಲ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಮರಿಯಾ ದೆರೆಮ್ ಮತ್ತು ಜಾರ್ಜ್ ಮಾರ್ತ್ಯಾಂ ಸ್ತ್ರೀಪುರುಷರಿಬ್ಬರಿಗೂ ಸೇರಿದ ಹೊಸ ಪಂಥವನ್ನು ಆರಂಭಿಸಿದರು. ಆನಿ ಬೆಸೆಂಟ್ ಅದರಲ್ಲಿ ದೀಕ್ಷೆ ಪಡೆದು 1902ರಲ್ಲಿ ಲಂಡನ್ನಿನಲ್ಲೂ ಅಂಥ ಲಾಡ್ಜ್ ಸ್ಥಾಪಿಸಿದರು. ಇದನ್ನು ಹಳೆಯ ಸಂಪ್ರದಾಯಕ್ಕೆ ಬಗೆದ ದ್ರೋಹವೆಂದು ನಾನು ಎಣಿಸುವುದಿಲ್ಲ. ಭ್ರಾತೃತ್ವವನ್ನು ಬೋಧಿಸುವ ಸಂಸ್ಥೆ ತನ್ನ ಮಾತಿನಂತೆ ನಡೆಯಲೇಬೇಕು.

ಸಂಸ್ಥೆ ಕಟ್ಟುವವರಲ್ಲಿ ನನ್ನ ವಿನಂತಿ ಇಷ್ಟೇ. ಆಚರಣೆಗಳು ಕೆಲವೇ ಇರಲಿ, ಆದರೆ ತಪ್ಪದೆ ನಡೆಯಲಿ. ಪ್ರತಿಯೊಂದರ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನವರು ಅರ್ಥವರಿತು ಉಳಿಸಿಕೊಳ್ಳಲಿ, ಬೇಕಾದರೆ ಬದಲಿಸಲಿ. ಲಾಂಛನ, ಬಾವುಟ, ಪದಕಗಳ ಚರ್ಚೆಯನ್ನು ಆಮೇಲೆ ಇಟ್ಟುಕೊಳ್ಳಿ. ನಿಮ್ಮ ಮೊದಲ ಸಭೆಯಲ್ಲಿ ಯಾರು ಕೂತಿಲ್ಲ ಎಂಬುದನ್ನು ಮೊದಲು ನೋಡಿ, ಅವರನ್ನು ಕರೆಯಿರಿ.