ನಾಯಿಯ ಜೊತೆ ಕಾರವಾನ್‌ನಲ್ಲಿ ಮಲೆನಾಡಿಗೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ರಜೆಗೆ ಊರಿಗೆ ಹೋಗುವುದಕ್ಕೂ ಒಂದು ಭಾಷಣವೇ ಅಂತ ನಿಮಗೆ ಅನ್ನಿಸಬಹುದು. ಮನೆಯಲ್ಲಿ ನಾಯಿ ಇರುವವರಿಗೆ ಹಾಗನ್ನಿಸಲಿಕ್ಕಿಲ್ಲ. ನಮ್ಮ ಚಿನ್ನಿಗೆ ಒಂಬತ್ತು ವರ್ಷ. ಕಳೆದ ಸಲ ನಾಯಿಗಳ ಹಾಸ್ಟೆಲ್‌ನಲ್ಲಿ ಬಿಟ್ಟಾಗ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ರೈಲಿನಲ್ಲಾದರೆ ಮೊದಲ ದರ್ಜೆಯ ಎಸಿಯ ಇಡೀ ಕೂಪೆ ನಮಗೇ ಸಿಗಬೇಕು, ಇಲ್ಲವೇ ಅವಳು ಲಗೇಜ್ ಬೋಗಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಹೋಗಬೇಕು. ಹೀಗಾಗಿ ಎರಡು ದೀಪಾವಳಿ ಕೊಪ್ಪದ ತವರಿಗೆ ಹೋಗಲಾಗಲಿಲ್ಲ. ಅಮ್ಮ ಅಲ್ಲಿ ಒಬ್ಬರೇ.

ಕಾರಿನಲ್ಲಿ ಕರೆದುಕೊಂಡು ಹೋಗೋಣ ಎಂದರೆ ಅಲ್ಲಿ ಇನ್ನೊಂದು ತೊಡಕು. ಅಮ್ಮನಿಗೆ ಮಡಿ, ನಾಯಿ ಮನೆಯೊಳಗೆ ಬರುವಂತಿಲ್ಲ. ಅಂಗಳದಲ್ಲಿ ಕಟ್ಟೋಣವೆಂದರೆ ಚಿರತೆಯ ಭಯ. ಮಲೆನಾಡಿನಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟುವುದೆಂದರೆ ಚಿರತೆಗೆ ಊಟ ಬಡಿಸಿಟ್ಟಂತೆ. ಕಾರವಾನ್ ನೆನಪಾದದ್ದು ಆಗ. ಟೆಂಪೋ ಟ್ರಾವೆಲರ್‌ನಂಥ ಗಾಡಿಯೊಳಗೇ ಹಾಸಿಗೆ, ಒಲೆ, ಶೌಚಾಲಯ. ಚಾಲಕನ ಸಮೇತ ಬಾಡಿಗೆಗೆ ಸಿಗುತ್ತದೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮಕ್ಕೆಂದೇ ನೀತಿ ತಂದಿದೆ. ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ಅಮ್ಮನ ಮಡಿಯೂ ಉಳಿಯಿತು, ಚಿನ್ನಿಯ ಜೀವವೂ ಉಳಿಯಿತು.

ಇಲ್ಲೊಂದು ತಮಾಷೆ ಇದೆ. ಚಿನ್ನಿ ಮುಧೋಳ ತಳಿ. ಬಾಗಲಕೋಟೆ ಜಿಲ್ಲೆಯ ಈ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಸಿಕ್ಕಿದೆ. ಇದೇ ತಳಿಯನ್ನು ಮಹಾರಾಷ್ಟ್ರದವರು ಕಾರವಾನ್ ಎನ್ನುತ್ತಾರೆ! ಹೆಸರಿಗೆ ತಕ್ಕ ಗಾಡಿ. ಆದರೆ ಇದು ಬೇಟೆನಾಯಿ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲೇ ಇದೆ. ಆದ್ದರಿಂದ ಹಗ್ಗ ಬಿಚ್ಚುವ ಪ್ರಶ್ನೆಯೇ ಇಲ್ಲ. ಮೈಯಲ್ಲಿ ಕೊಬ್ಬಿಲ್ಲ, ರೋಮ ತೆಳು, ಮಲೆನಾಡಿನ ಚಳಿಗೆ ಸ್ವೆಟರ್ ಬೇಕೇ ಬೇಕು.

ಯಾವಾಗ ಹೋಗುವುದು? ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಮಳೆಗಾಲದಲ್ಲಿ ಇಂಬಳ, ಘಾಟಿಯಲ್ಲಿ ಗುಡ್ಡ ಕುಸಿತ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು, ಹರಡುವುದು ಉಣುಗಿನಿಂದ. ತರಗೆಲೆಯಲ್ಲಿ ಅಡ್ಡಾಡಿದ ನಾಯಿ ಉಣುಗನ್ನು ಮೈಮೇಲೆ ಹೊತ್ತು ನೇರ ನಮ್ಮ ಹಾಸಿಗೆಗೇ ತರಬಹುದು. ಹಾಗಾಗಿ ನವೆಂಬರ್ ಎಂದು ನಿಶ್ಚಯಿಸಿದೆವು. ಹಾಗೆಂದು ನವೆಂಬರಿನಲ್ಲಿ ಉಣುಗು ಇರುವುದೇ ಇಲ್ಲ ಅಂತಲ್ಲ. ಹೊರಡುವ ಮುಂಚೆಯೇ ವೈದ್ಯರು ಹೇಳಿದ ಉಣುಗಿನ ಔಷಧ ಕೊಡಿಸಬೇಕು, ದಿನಾ ಸಂಜೆ ಕಿವಿ, ಕಂಕುಳು, ಬೆರಳ ಸಂದು ನೋಡಬೇಕು. ಕಾಫಿ ತೋಟದಲ್ಲಿ ಆಗ ಹಣ್ಣು ಕೆಂಪಾಗಿರುತ್ತದೆ. ಕೆಫೀನ್ ನಾಯಿಗೆ ವಿಷ, ಬಿದ್ದ ಹಣ್ಣಿಗೆ ಬಾಯಿ ಹಾಕಲು ಬಿಡಬಾರದು.

ದಾರಿ 700 ಕಿಲೋಮೀಟರಿಗೂ ಹೆಚ್ಚು. ಕೊಲ್ಹಾಪುರ ದಾಟಿ ಬೆಳಗಾವಿಯಲ್ಲಿ ಮೊದಲ ರಾತ್ರಿ. ಮರುದಿನ ಹುಬ್ಬಳ್ಳಿ, ಹಾವೇರಿ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಕೊಪ್ಪ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ ನಡೆಸಬೇಕು. ಹೊಟ್ಟೆ ತುಂಬ ಉಣಿಸಿ ಹೊರಟರೆ ತಿರುವುಗಳಲ್ಲಿ ವಾಂತಿ ಗ್ಯಾರಂಟಿ. ಊಟಕ್ಕೆ ಇಳಿದಾಗ ಒಬ್ಬರು ಗಾಡಿಯಲ್ಲೇ ಇರಬೇಕು; ನಿಂತ ಗಾಡಿಯೊಳಗಿನ ಬಿಸಿ ನಾಯಿಯನ್ನು ಕೊಲ್ಲಬಲ್ಲದು. ರೇಬೀಸ್ ಲಸಿಕೆಯ ಪುಸ್ತಕ, ಪಾಲಿಕೆಯ ಪರವಾನಗಿ ಕೈಚೀಲದಲ್ಲಿರಲಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯದಲ್ಲಿ ಸುತ್ತಾಡುವ ಆಸೆಯನ್ನು ಈ ಸಲ ಬಿಟ್ಟಿದ್ದೇವೆ. ನಾಯಿ ಇದ್ದರೆ ಅಂಥ ಕಾಡಿಗೆ ಕಾಲಿಡಬಾರದು. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ 2018ರಲ್ಲಿ ಗೀರ್‌ನ ಸತ್ತ ಸಿಂಹಗಳಲ್ಲಿ ಪತ್ತೆಯಾಗಿತ್ತು. ನಿಯಮ ಸುಮ್ಮನೆ ಮಾಡಿದ್ದಲ್ಲ. ನಮಗೆ ತೋಟದ ದಾರಿ, ತುಂಗೆಯ ದಂಡೆ ಸಾಕು.

ಇನ್ನು ಅಡುಗೆ. ಗಾಡಿಯಲ್ಲಿ ಒಲೆ ಇದೆ ಅಂದ ಕೂಡಲೇ ನಮ್ಮತ್ತೆಯವರು, "ಹಾಗಾದರೆ ದಾರಿಯಲ್ಲಿ ಬಿಸಿ ಚಪಾತಿಗೆ ತೊಂದರೆ ಇಲ್ಲ" ಅಂದರು. ವಾರವಿಡೀ ಆಫೀಸು, ಮನೆ ಎರಡನ್ನೂ ಮಾಡಿ, ರಜೆಯಲ್ಲಿ ಚಕ್ರ ಕಟ್ಟಿದ ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿಯಲು ನನಗೆ ಮನಸ್ಸಿಲ್ಲ. ಅದನ್ನು ಹಾಗೇ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಚಹಾ ಮಾಡಲು ಬರುತ್ತಲ್ಲ" ಎಂದರು. ಈಗ ದಾರಿಯಲ್ಲಿ ಚಹಾ, ಚಿನ್ನಿಯ ಅನ್ನ ಎರಡೂ ನಮ್ಮೆಜಮಾನರದು. ಉಳಿದದ್ದು ಖಾನಾವಳಿ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನಾಯಿ ಗಾಡಿಯಲ್ಲಿ ಮಲಗಲಿ ಮಾರಾಯ್ತಿ, ತವರಿಗೆ ಬಂದ ಮಗಳು ಅಂಗಳದಲ್ಲಿ ಮಲಗೋದಾ?" ಎಂದರು. ಅದಕ್ಕೂ ದಾರಿ ಹುಡುಕಿದ್ದೇವೆ. ನಾನು ಅಮ್ಮನ ಹತ್ತಿರ, ಇವರು ಚಿನ್ನಿಯ ಹತ್ತಿರ. ಅಳಿಯನನ್ನು ಅಂಗಳದಲ್ಲಿ ಮಲಗಿಸುವುದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ, ಮಾತುಕತೆ ನಡೆದಿದೆ.