ಶಾಲೆಯ ಮಾತು ಮನೆಗೆ ಮುಟ್ಟಬೇಕಾದರೆ



ಬೆಂಗಳೂರಿನ ಸುತ್ತಮುತ್ತಲಿನ ಅನೇಕ ಸರ್ಕಾರಿ ಶಾಲೆಗಳಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳು ಮೊದಲಿನಿಂದಲೂ ಇದ್ದಾರೆ. ಈಗ ಒಡಿಯಾ, ಬಂಗಾಳಿ, ಹಿಂದಿ, ನೇಪಾಳಿ ಮಾತನಾಡುವ ಮಕ್ಕಳೂ ಬರುತ್ತಿದ್ದಾರೆ. ಅವರ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಬಂದವರು. ಮಗು ಆಟದ ಬಯಲಲ್ಲೇ ಕನ್ನಡ ಕಲಿತುಬಿಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ದುಡಿಯುವ ತಾಯಿಗೆ ಆ ಅವಕಾಶ ಸಿಗುವುದಿಲ್ಲ. ಹಾಗಾಗಿ ಮೇಷ್ಟ್ರಿಗೂ ತಾಯಿಗೂ ನಡುವೆ ಮಗುವೇ ದುಭಾಷಿಯಾಗುತ್ತದೆ. ತನ್ನ ಕಲಿಕೆಯ ತೊಂದರೆಯನ್ನು, ತನ್ನ ಗೈರುಹಾಜರಿಯನ್ನು, ಕೆಲವೊಮ್ಮೆ ಮನೆಯ ಕಷ್ಟವನ್ನು ಅದೇ ಹೇಳಬೇಕು. ಇದು ಮಗುವಿನ ಮೇಲೆ ಹೊರಿಸಬಾರದ ಹೊರೆ.

ಈ ಹೊರೆ ಇಳಿಸಲು ಈಗ ಮೊಬೈಲಿನಲ್ಲೇ ದಾರಿಯಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ಅನುವಾದ ವೇದಿಕೆ ಭಾಷಿಣಿ 2022ರಲ್ಲಿ ಶುರುವಾಯಿತು. ಮದರಾಸು ಐಐಟಿಯ ಸಂಶೋಧಕರ ತಂಡವೊಂದು 2023ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದ ವ್ಯವಸ್ಥೆ ರೂಪಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಇವು ಪದಕ್ಕೆ ಪದ ಜೋಡಿಸುವ ನಿಘಂಟುಗಳಲ್ಲ. ಎರಡು ಭಾಷೆಗಳಲ್ಲಿ ಒಂದೇ ಅರ್ಥ ಕೊಡುವ ಅಸಂಖ್ಯ ವಾಕ್ಯಗಳನ್ನು ನೋಡಿ ನೋಡಿ ಕಲಿತಿರುತ್ತವೆ. ಅಂಥ ಬರಹ ಹೇರಳವಾಗಿರುವ ಭಾಷೆಗೆ ಅನುವಾದ ಚೆನ್ನಾಗಿ ಬರುತ್ತದೆ, ಕಡಿಮೆ ಇದ್ದರೆ ಎಡವುತ್ತದೆ.

ನಮ್ಮ ಸುತ್ತಲಿನ ಎಲ್ಲ ಮಾತುಗಳಿಗೂ ಈ ಅನುಕೂಲ ಒಂದೇ ಸಮನಾಗಿ ಸಿಕ್ಕಿಲ್ಲ. ತುಳು 2024ರಲ್ಲಿ ಗೂಗಲ್ ಪಟ್ಟಿಗೆ ಬಂತು. ಲಂಬಾಣಿ, ಕೊಡವ, ಬ್ಯಾರಿ ಎಂಟನೇ ಅನುಸೂಚಿಯ ಆ 22 ಭಾಷೆಗಳಲ್ಲಿ ಇಲ್ಲ. 2011ರ ಜನಗಣತಿಯಂತೂ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಿದೆ. ಅದನ್ನು ನಂಬಿ ತಾಂಡಾದ ತಾಯಿಗೆ ಹಿಂದಿಯಲ್ಲಿ ಸಂದೇಶ ಕಳಿಸಿದರೆ ಏನು ಪ್ರಯೋಜನ? ದಾಖಲಾತಿಯ ದಿನವೇ ಕೇಳಿ ಬರೆದುಕೊಳ್ಳಬೇಕು: ಮನೆಯಲ್ಲಿ ಯಾವ ಮಾತು, ಓದಲು ಬರುತ್ತದೆಯೇ, ಕೇಳಿದರೆ ಸಾಕೇ? ಓದಲು ಬಾರದವರಿಗೆ ಧ್ವನಿ ಸಂದೇಶವೇ ಸರಿ.

ಯಂತ್ರಕ್ಕೆ ಕೊಡುವ ಕನ್ನಡವೂ ಸರಳವಾಗಿರಬೇಕು. ಜಂತುಹುಳು ನಿವಾರಣಾ ದಿನವನ್ನು ನೋಡಿ. ಶಾಲೆಯಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ಹುಷಾರಿಲ್ಲದ ಮಗುವಿಗೆ ಅಂದು ಕೊಡುವುದಿಲ್ಲ. ಇದನ್ನು "ಅನಾರೋಗ್ಯಪೀಡಿತ ವಿದ್ಯಾರ್ಥಿಗಳನ್ನು ಹೊರತುಪಡಿಸಿ ಸದರಿ ದಿನದಂದು" ಎಂದು ಸುತ್ತೋಲೆಯ ಕನ್ನಡದಲ್ಲಿ ಬರೆದು ಯಂತ್ರಕ್ಕೆ ಕೊಟ್ಟರೆ ಅರ್ಥವೇ ತಿರುಗುಮುರುಗಾಗುವ ಅಪಾಯವಿದೆ. ಹೀಗೆ ಬರೆಯಿರಿ: "ಆಗಸ್ಟ್ 10ರಂದು ಶಾಲೆಯಲ್ಲಿ ಮಕ್ಕಳಿಗೆ ಹೊಟ್ಟೆಹುಳುವಿನ ಮಾತ್ರೆ ಕೊಡುತ್ತೇವೆ. ನಿಮ್ಮ ಮಗುವಿಗೆ ಹುಷಾರಿಲ್ಲದಿದ್ದರೆ ಶಿಕ್ಷಕರಿಗೆ ತಿಳಿಸಿ. ಆ ಮಗುವಿಗೆ ಅಂದು ಮಾತ್ರೆ ಕೊಡುವುದಿಲ್ಲ." ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ದಿನಾಂಕ ಸರಿಯಿದೆಯೇ, "ಇಲ್ಲ" ಎಂಬುದು ಉಳಿದಿದೆಯೇ? ಎರಡು ನಿಮಿಷದ ಕೆಲಸ. ಮಾತ್ರೆಯ ವಿಷಯದಲ್ಲಿ ಆ ಎರಡು ನಿಮಿಷ ಉಳಿಸಬಾರದು.

ರಜೆ, ಸಮವಸ್ತ್ರ, ಪೋಷಕರ ಸಭೆ, ವರ್ಗಾವಣೆ ಪತ್ರ, ಇವಕ್ಕೆಲ್ಲ ಯಂತ್ರ ಸಾಕು. ಮಗು ಮಂಕಾಗಿದೆ, ಯಾರೋ ಹೊಡೆದಿದ್ದಾರೆ, ಅಂಗವೈಕಲ್ಯದ ತಪಾಸಣೆ ಮಾಡಿಸಬೇಕು ಎನ್ನುವಾಗ ಸಾಲದು. ಅಲ್ಲಿ ಎರಡೂ ಭಾಷೆ ಬಲ್ಲ, ಗುಟ್ಟು ಕಾಯುವ ಮನುಷ್ಯರು ಬೇಕು. ಮಗುವಿನ ಕಾಯಿಲೆಯ ವಿವರವನ್ನು, ಹೆಸರು ವಿಳಾಸದ ಸಮೇತ, ಕಂಡ ಕಂಡ ಆ್ಯಪಿಗೆ ಒಪ್ಪಿಸಲೂಬಾರದು.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಅನುವಾದವೆಂದರೆ ಶಾಲೆ ಹೇಳಿದ್ದನ್ನು ಮನೆಗೆ ಸಾಗಿಸುವುದಷ್ಟೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಂದರೆ ಒಡಿಶಾದಿಂದ ಬಂದ ತಾಯಿಗೂ ಅಲ್ಲಿ ಕೂತು ಬಿಸಿಯೂಟದ ಬಗ್ಗೆ, ಶೌಚಾಲಯದ ಬಗ್ಗೆ ಪ್ರಶ್ನೆ ಕೇಳುವ ಹಕ್ಕಿದೆ. ಅವರು ತಮ್ಮ ಮಾತಿನಲ್ಲಿ ಕಳಿಸಿದ ಪ್ರಶ್ನೆಯನ್ನು ಶಿಕ್ಷಕರು ಕನ್ನಡದಲ್ಲಿ ಓದಿಕೊಂಡು ಉತ್ತರಿಸುವಂತಾದರೆ ಮಾತ್ರ ಈ ತಂತ್ರಜ್ಞಾನ ಶಾಲೆಗೆ ಬಂದದ್ದು ಸಾರ್ಥಕ.

ಕೇಳುಗರಲ್ಲಿ ಒಡಿಯಾ, ಬಂಗಾಳಿ, ನೇಪಾಳಿ, ಲಂಬಾಣಿ ಬಲ್ಲವರಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಒಮ್ಮೆ ಕಾಣಿ. ಮುಂದಿನ ಪೋಷಕರ ಸಭೆ ಯಾವಾಗ ಎಂದು ಕೇಳಿಕೊಂಡು, ಆ ದಿನ ಒಂದು ಗಂಟೆ ಅಲ್ಲಿ ಬಂದು ಕೂರುತ್ತೇನೆಂದು ಹೇಳಿ ಬನ್ನಿ.